ಹಸ್ತಪ್ರತಿ ಮೊದಲು ಯಾರ ಕೈಗೆ: ಮುನ್ನುಡಿಕಾರರಿಗಾ, ವಿಮರ್ಶಕರಿಗಾ?

ಬದಿಯಡ್ಕದ ಗೆಳತಿ ಮೊದಲ ಕವನ ಸಂಕಲನವನ್ನು ಅಚ್ಚಿಗೆ ಕೊಡುವ ಮುಂಚೆ ಕೇಳಿದಳು, ಯಾರಿಗೆ ತೋರಿಸಲಿ ಅಂತ.

ಮುನ್ನುಡಿ ಬರೆಯುವವರು ಪುಸ್ತಕದ ಕೈಹಿಡಿದು ಓದುಗರ ಮುಂದೆ ನಿಲ್ಲಿಸುತ್ತಾರೆ. ಹೊಸಬರಿಗೆ ಅದು ಬೇಕು. ಆದರೆ ಊಟಕ್ಕೆ ಕರೆದ ನೆಂಟರು ಸಾರಿಗೆ ಉಪ್ಪು ಕಮ್ಮಿ ಅನ್ನುವುದಿಲ್ಲ, ಅಲ್ವಾ?

ವಿಮರ್ಶಕರ ಕೆಲಸ ಬೇರೆ. ಸುಮ್ನೆ ತಪ್ಪು ಹುಡುಕುವುದಲ್ಲ. ಪದ್ಯ ಏನು ಮಾಡಲು ಹೊರಟಿದೆ, ಎಲ್ಲಿ ಮುಗ್ಗರಿಸಿತು ಅಂತ ಕಾರಣ ಕೊಟ್ಟು ಹೇಳುವುದು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಸಾಲಿನ ಎರಡನೇ ಅಕ್ಷರದ ಪ್ರಾಸ ಬಿಟ್ಟರು. ಅದು ಕೈಲಾಗದೆ ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಆ ವ್ಯತ್ಯಾಸ ಕಾಣಲು ಹಳೆಯ ಕಾವ್ಯ ಓದಿದ ಕಣ್ಣು ಬೇಕು.

ನನ್ನ ಹಸ್ತಪ್ರತಿಯಲ್ಲಿ ಒಬ್ಬರು 'ಮೌನ' ಬಂದಲ್ಲೆಲ್ಲ ಪೆನ್ಸಿಲಿನಿಂದ ಸುತ್ತು ಹಾಕಿದ್ದರು. ಹದಿನೇಳು ಸುತ್ತು! ಎರಡು ದಿನ ಬೇಜಾರಾಯ್ತು. ಆಮೇಲೆ ಮೂರನ್ನಷ್ಟೇ ಉಳಿಸಿಕೊಂಡೆ. ಮಲಯಾಳದಿಂದ ನುಸುಳಿದ ಒಂದು ಪದದ ಪಕ್ಕ ಮಾತ್ರ, "ಇದು ಇರಲಿ, ನಿಮ್ಮೂರಿನದು" ಎಂದು ಬರೆದಿದ್ದರು.

ಕಾಸರಗೋಡಿನಲ್ಲಿ ಬರೆಯುವವರಿಗೆಲ್ಲ ಒಬ್ಬರಿಗೊಬ್ಬರ ಪರಿಚಯ ಜಾಸ್ತಿ. ಹೊಗಳಿಕೆ ಬೇಗ ಸಿಗುತ್ತದೆ. ಅದಕ್ಕೇ ಹೇಳಿದೆ: ಮೊದಲು ವಿಮರ್ಶಕರು, ತಿದ್ದಿದ ಮೇಲೆ ಮುನ್ನುಡಿ. ಒಂದಕ್ಕೇ ಸಮಯ ಇದ್ದರೆ ಮುನ್ನುಡಿ ಬಿಡು.