ಶುಲ್ಕ ಕಟ್ಟಿದ ಮೇಲೂ ಉತ್ತರ ಕೊಡುವ ವೀಸಾ ಕಚೇರಿ

ಆಸ್ಟ್ರೇಲಿಯಾದ 190 ವೀಸಾಕ್ಕೆ (ಅಲ್ಲಿನ ರಾಜ್ಯವೊಂದು ಹೆಸರು ಸೂಚಿಸಿದ ಕುಶಲ ಕೆಲಸಗಾರರಿಗೆ ಸಿಗುವ, ಅಲ್ಲೇ ನೆಲೆಸಬಹುದಾದ ವೀಸಾ) ಅರ್ಜಿ ಹಾಕಿ ನಾನು ಇನ್ನೂ ಕಾಯುತ್ತಿದ್ದೇನೆ. ವೀಸಾ ಸಿಕ್ಕ ಖುಷಿಯಲ್ಲಿ ಎಲ್ಲ ಏಜೆಂಟರೂ ಒಳ್ಳೆಯವರಾಗಿಯೇ ಕಾಣುತ್ತಾರೆ. ಹಾಗಾಗಿ ಜಯನಗರದ ಈ ವೀಸಾ ಏಜೆಂಟರ ಕಚೇರಿಯ ಬಗ್ಗೆ ಈಗಲೇ ಬರೆಯುವುದು ಸರಿ ಎನಿಸಿತು.

ನಾನು ದಾವಣಗೆರೆಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ಕೆಲಸವೆಲ್ಲ ಸೇತುವೆ, ಮೋರಿಗಳದ್ದು. ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆಯ ಕೌಶಲ ಮೌಲ್ಯಮಾಪನಕ್ಕೆ, ನಾನೇ ಮಾಡಿದ ಕೆಲಸಗಳ ಬಗ್ಗೆ ಮೂರು ದೀರ್ಘ ಬರಹಗಳನ್ನು ಕೊಡಬೇಕಿತ್ತು. ಮೊದಲು ವಿಚಾರಿಸಿದ ಬೇರೊಂದು ಕಡೆ, ಸಿದ್ಧ ಬರಹವಿದೆ, ಹೆಸರು ಬದಲಾಯಿಸಿ ಕೊಡುತ್ತೇವೆ ಎಂದರು. ನಕಲು ಸಿಕ್ಕಿಬಿದ್ದರೆ ಅರ್ಜಿ ಹೋಗುವುದಷ್ಟೇ ಅಲ್ಲ, ಮತ್ತೆ ಅರ್ಜಿ ಹಾಕದಂತೆ ನಿಷೇಧವೂ ಬೀಳಬಹುದು. ಈ ಕಚೇರಿಯ ಏಜೆಂಟ್ ಮೇಡಂ ಮಾತ್ರ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಮೋರಿಯ ಅಡಿಪಾಯವನ್ನು ಏಕೆ ಬದಲಾಯಿಸಿದಿರಿ? ಲೆಕ್ಕ ಹಾಕಿದವರು ಯಾರು?" ಎಂದು ಕೇಳುತ್ತಾ ಹೋದರು. ಬರಹ ನನ್ನಿಂದಲೇ ಹೊರಬಂತು. ಮೌಲ್ಯಮಾಪನವೂ ಆಯಿತು.

ಆದರೆ ಈ ಕಚೇರಿಯ ನಿಜವಾದ ಬೆಲೆ ತಿಳಿದದ್ದು ಅರ್ಜಿ ಸಲ್ಲಿಸಿದ ಮೇಲೆ. ನನಗೆ 33 ತುಂಬುವುದರಲ್ಲಿತ್ತು. ಈ ವೀಸಾ ಅಂಕಗಳ ಮೇಲೆ ಸಿಗುವಂಥದ್ದು, 33 ಆದರೆ ವಯಸ್ಸಿನ ಅಂಕ 30ರಿಂದ 25ಕ್ಕೆ ಇಳಿಯುತ್ತದೆ. ಕಾಯುವಾಗಲೇ ಹುಟ್ಟುಹಬ್ಬ ಬಂದುಬಿಟ್ಟರೆ ಗತಿ ಏನು ಎಂದು ಮನೆಯಲ್ಲಿ ಎಲ್ಲರಿಗೂ ಚಿಂತೆ. ಲೆಕ್ಕಕ್ಕೆ ಬರುವುದು ವೀಸಾಕ್ಕೆ ಅರ್ಜಿ ಹಾಕಿ ಎಂದು ಆಹ್ವಾನ ಬಂದ ದಿನದ ವಯಸ್ಸು, ಆಮೇಲೆ ಎಷ್ಟು ಕಾದರೂ ಆ ಅಂಕ ಕರಗುವುದಿಲ್ಲ ಎಂದು ಮೇಡಂ ಬಿಡಿಸಿ ಹೇಳಿದರು. ಅಮ್ಮ ಅಂದು ರಾತ್ರಿ ನೆಮ್ಮದಿಯಾಗಿ ಮಲಗಿದರು.

ಮುಂದೆ ನಾನು ಗರ್ಭಿಣಿಯಾದೆ. ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ಕಡ್ಡಾಯ. ಗರ್ಭಿಣಿಯರು ಅದನ್ನು ಹೆರಿಗೆಯ ನಂತರಕ್ಕೆ ಮುಂದೂಡಬಹುದು, ಆದರೆ ಅಲ್ಲಿಯವರೆಗೆ ತೀರ್ಮಾನವೂ ಮುಂದೆ ಹೋಗುತ್ತದೆ. "ಬೇಗ ಬೇಕೆಂದು ಮಗುವಿನ ವಿಷಯದಲ್ಲಿ ಅವಸರ ಮಾಡಬೇಡಿ" ಎಂದ ಮೇಡಂ, ವೈದ್ಯರ ಪತ್ರದೊಂದಿಗೆ ತಾವೇ ವೀಸಾ ಕೊಡುವ ಆಸ್ಟ್ರೇಲಿಯಾದ ಇಲಾಖೆಗೆ ತಿಳಿಸಿದರು. ಅರ್ಜಿಯ ತೀರ್ಮಾನಕ್ಕೆ ಮುನ್ನ ಹುಟ್ಟಿದ ಮಗುವನ್ನು ಅದೇ ಅರ್ಜಿಗೆ ಹೆಚ್ಚುವರಿ ವೀಸಾ ಶುಲ್ಕವಿಲ್ಲದೆ ಸೇರಿಸಬಹುದು ಎಂಬುದನ್ನೂ ಅವರೇ ಹೇಳಿದ್ದು. ಮಗಳು ಹುಟ್ಟಿದಳು. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಅವಳ ತಪಾಸಣೆ ಎಲ್ಲವೂ ಮುಗಿದಿವೆ. ನನ್ನ ಎಕ್ಸ್‌ರೇ ಕೂಡ ಆಯಿತು. ಮುಖ್ಯ ಅರ್ಜಿದಾರರಿಗೆ 4,765 ಆಸ್ಟ್ರೇಲಿಯನ್ ಡಾಲರ್ ಶುಲ್ಕವಿದ್ದ ವರ್ಷ ಹಣ ಕಟ್ಟಿದವರು ನಾವು. ಅಂಥ ಸಮಯದಲ್ಲಿ ಇಷ್ಟು ಸ್ಪಷ್ಟವಾಗಿ ದಾರಿ ತೋರುವವರು ಸಿಕ್ಕಿದ್ದು ದೊಡ್ಡ ಆಸರೆ.

ಕೊರತೆಗಳನ್ನೂ ಹೇಳಬೇಕು. ಕಚೇರಿಯ ಮುಂದಿನ ಕೌಂಟರಿನಲ್ಲಿ ಕೂರುವ ಹುಡುಗ ಬಂದವರಿಗೆಲ್ಲ "ಮೂರು ತಿಂಗಳಲ್ಲಿ ಬಂದುಬಿಡುತ್ತದೆ" ಎನ್ನುತ್ತಾನೆ. ಇದು ತಪ್ಪು. ಇಲಾಖೆ ಪ್ರಕಟಿಸುವ ಅವಧಿ ಈಗಾಗಲೇ ಮುಗಿದ ಅರ್ಜಿಗಳ ಲೆಕ್ಕ, ಅದು ಯಾರಿಗೂ ಕೊಟ್ಟ ಮಾತಲ್ಲ. ಆ ಮಾತು ನಂಬಿ ಕೆಲಸಕ್ಕೆ ರಾಜೀನಾಮೆ ಕೊಡುವವರೂ, ಮನೆ ಖಾಲಿ ಮಾಡುವವರೂ ಇರುತ್ತಾರೆ. ಮೇಡಂ ಅವನಿಗೆ ತಿಳಿಹೇಳಲೇಬೇಕು. ಇನ್ನೊಂದು: ನನ್ನ ಪತಿ ಎರಡು ವರ್ಷ ದುಬೈಯಲ್ಲಿದ್ದರು. ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಇದ್ದ ಪ್ರತಿ ದೇಶದ ಪೊಲೀಸ್ ಪ್ರಮಾಣಪತ್ರ ಬೇಕು. ಇದನ್ನು ಕಚೇರಿಯವರು ಮೊದಲೇ ಹೇಳಲಿಲ್ಲ. ಇಲಾಖೆಯಿಂದ ಪತ್ರ ಬಂದ ಮೇಲೆ, 28 ದಿನಗಳ ಗಡುವಿನೊಳಗೆ ಓಡಾಡಿ ತರಿಸಿದೆವು. ವಿದೇಶದಲ್ಲಿ ದುಡಿದವರು ಮೊದಲ ಭೇಟಿಯಲ್ಲೇ ಈ ವಿಷಯ ಎತ್ತಿ.

ಹೋಗುವವರಿಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ನೋಂದಾಯಿತ ಏಜೆಂಟರಿಗೆ ಸಂಖ್ಯೆ ಇರುತ್ತದೆ, ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಭಾರತದಲ್ಲಿ ಕುಳಿತು ಕೆಲಸ ಮಾಡುವವರಿಗೆ ಈ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಯಾವ ಕಚೇರಿಗೆ ಹೋದರೂ ಕೇಳಿಯೇ ಮುಂದುವರಿಯಿರಿ. ಈ ಮೇಡಂ ಕೇಳುವ ಮುಂಚೆಯೇ ಸಂಖ್ಯೆ ತೋರಿಸಿದರು, ಸರ್ಕಾರದ ಶುಲ್ಕವನ್ನು ನಮ್ಮ ಕಾರ್ಡಿನಿಂದಲೇ ಕಟ್ಟಿಸಿದರು, ತಮ್ಮ ಶುಲ್ಕವನ್ನು ಪ್ರತ್ಯೇಕ ರಸೀದಿಯೊಂದಿಗೆ ಮೂರು ಕಂತಿನಲ್ಲಿ ಪಡೆದರು. ಕೊನೆಯ ಕಂತು ಇನ್ನೂ ಬಾಕಿ ಇದೆ, ತೀರ್ಮಾನ ಬಂದ ಮೇಲೆ ಕೊಟ್ಟರೆ ಸಾಕು ಎಂದಿದ್ದಾರೆ.