ಅಗಸ್ಟಾದ ಭಾನುವಾರಗಳು: ಮಾಸ್ಟರ್ಸ್ ಗಾಲ್ಫ್ ಪ್ರಸಾರ ಸಂಗ್ರಹದ ವಿಮರ್ಶೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಅಗಸ್ಟಾ ನ್ಯಾಷನಲ್ ಗಾಲ್ಫ್ ಕ್ಲಬ್, ತಾನು ನಡೆಸುವ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ದಿನದ ಟಿವಿ ಪ್ರಸಾರಗಳನ್ನು 1968ರಿಂದ ಈಚೆಗೆ ಇಡಿಯಾಗಿ ತನ್ನ ಯೂಟ್ಯೂಬ್ ವಾಹಿನಿಯಲ್ಲಿ ಹಾಕಿದೆ. ನೋಡುವುದಕ್ಕೆ ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಕಳೆದ ಬೇಸಿಗೆಯಲ್ಲಿ, ಹಗಲು ಮನೆಯಿಂದ ಹೊರಗೆ ಕಾಲಿಡಲಾಗದ ಬಳ್ಳಾರಿಯ ಬಿಸಿಲಿನ ದಿನಗಳಲ್ಲಿ, ನಾನೂ ನನ್ನ ಸೋದರಳಿಯನೂ ಕಿಟಕಿ ಮುಚ್ಚಿ, ಕೂಲರ್ ಹಾಕಿಕೊಂಡು, ಇವುಗಳಲ್ಲಿ ಹನ್ನೊಂದು ವರ್ಷಗಳ ಪ್ರಸಾರಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆವು. ಆ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಾನು ಗಾಲ್ಫ್ ಆಡಿದವನಲ್ಲ. ಈ ಊರಿನ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಗಾಲ್ಫ್‌ನ ಹುಚ್ಚು ನನ್ನ ಅಳಿಯನದು. 2012ರಲ್ಲಿ ಇಂಡಿಯನ್ ಓಪನ್ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ನಡೆದಾಗ ಅವನು ಅಲ್ಲಿ ಓದುತ್ತಿದ್ದ. ಥಾಯ್ಲೆಂಡಿನ ಥಾವೊರ್ನ್ ವಿರಾಟ್‌ಚಾಂಟ್ ಹೆಚ್ಚುವರಿ ಆಟದಲ್ಲಿ ಗೆದ್ದದ್ದನ್ನು ಕಣ್ಣಾರೆ ಕಂಡು ಬಂದವನು ಇಂದಿಗೂ ಆ ಮಾತು ಬಿಟ್ಟಿಲ್ಲ. ‘ಮಾಮ, ಒಂದು ಪಂದ್ಯ ನನ್ನ ಜೊತೆ ಕೂತು ಪೂರ್ತಿ ನೋಡಿ, ಆಮೇಲೆ ಬೇಡ ಅನ್ನಿ’ ಎಂದು ಅವನು ಒತ್ತಾಯಿಸಿದ್ದರಿಂದ ಕುಳಿತೆ. ಬೇಡ ಎನ್ನಲಿಲ್ಲ.

ಪ್ರಸಾರಗಳನ್ನು ನೋಡುವ ಮೊದಲು ಪಂದ್ಯಾವಳಿಯ ಹಿನ್ನೆಲೆಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು, ಏಕೆಂದರೆ ಈ ಸಂಗ್ರಹ ಅದನ್ನು ಹೇಳಿಕೊಡುವುದಿಲ್ಲ. ಹವ್ಯಾಸಿ ಆಟಗಾರರಲ್ಲಿ ಮಹಾನ್ ಎನಿಸಿಕೊಂಡ ಬಾಬಿ ಜೋನ್ಸ್ ಮತ್ತು ಹಣಕಾಸು ವ್ಯವಹಾರದ ಕ್ಲಿಫರ್ಡ್ ರಾಬರ್ಟ್ಸ್ 1931ರಲ್ಲಿ 365 ಎಕರೆಯ ಹಳೆಯ ಸಸ್ಯ ನರ್ಸರಿಯೊಂದನ್ನು 70,000 ಡಾಲರಿಗೆ ಕೊಂಡು, ಆಲಿಸ್ಟರ್ ಮೆಕೆಂಜಿ ಅವರ ವಿನ್ಯಾಸದಲ್ಲಿ ಮೈದಾನ ಕಟ್ಟಿಸಿದರು. ಅಲ್ಲಿನ ಹದಿನೆಂಟು ಹೋಲ್‌ಗಳಿಗೂ (ಚೆಂಡನ್ನು ಹೊಡೆಯುತ್ತ ಹೋಗಿ ಕೊನೆಗೆ ಗುಳಿಗೆ ಹಾಕಬೇಕಾದ ಒಂದೊಂದು ಹಾದಿಗೆ ಹೋಲ್ ಎನ್ನುತ್ತಾರೆ) ಗಿಡಮರಗಳ ಹೆಸರುಗಳಿರುವುದು ಆ ನರ್ಸರಿಯ ನೆನಪಿಗೆ. ನರ್ಸರಿಗೂ ಮುಂಚೆ ಅಲ್ಲಿ ಬಟ್ಟೆಗೆ ಬಣ್ಣ ಕೊಡುವ ನೀಲಿ ಗಿಡ ಬೆಳೆಯುತ್ತಿದ್ದರು ಎಂದು ಅಳಿಯ ಹೇಳಿದಾಗ, ಜೀವಮಾನವೆಲ್ಲ ನೀಲಿ ಬಟ್ಟೆಯ ಲೆಕ್ಕದಲ್ಲೇ ಕಳೆದ ನನಗೆ ಆ ನೆಲ ಥಟ್ಟನೆ ಹತ್ತಿರದ್ದೆನಿಸಿತು. ಮೊದಲ ಪಂದ್ಯಾವಳಿ ನಡೆದದ್ದು 1934ರ ಮಾರ್ಚ್‌ನಲ್ಲಿ. ಗಾಲ್ಫ್‌ನಲ್ಲಿ ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆದ್ದಂತೆ; ಹಾರ್ಟನ್ ಸ್ಮಿತ್ ನಾಲ್ಕು ಸುತ್ತುಗಳಲ್ಲಿ ಒಟ್ಟು 284 ಹೊಡೆತಗಳಲ್ಲಿ ಗೆದ್ದು 1,500 ಡಾಲರ್ ಪಡೆದರು. ಮರುವರ್ಷ ಜೀನ್ ಸಾರಜೆನ್ 15ನೇ ಹೋಲ್‌ನಲ್ಲಿ 235 ಗಜ ದೂರದಿಂದ ಹೊಡೆದ ಚೆಂಡು ನೇರ ಗುಳಿಗೆ ಬಿತ್ತು. ಪಂದ್ಯಾವಳಿಯ ಕೀರ್ತಿ ಬೆಳೆದದ್ದು ಆ ಒಂದು ಹೊಡೆತದಿಂದ ಎಂದರೆ ಅತಿಶಯವಲ್ಲ. 1943ರಿಂದ 1945ರವರೆಗೆ ಯುದ್ಧದ ಕಾರಣ ಆಟ ನಿಂತಾಗ ಮೈದಾನದಲ್ಲಿ ದನಗಳನ್ನೂ ಟರ್ಕಿ ಕೋಳಿಗಳನ್ನೂ ಸಾಕಿದರು. ಗೆದ್ದವರಿಗೆ ಹಸಿರು ಕೋಟು ತೊಡಿಸುವ ಪದ್ಧತಿ 1949ರಲ್ಲಿ ಸ್ಯಾಮ್ ಸ್ನೀಡ್ ಅವರಿಂದ ಶುರುವಾಯಿತು.

ಲೆಕ್ಕ ಬರೆದವನಾದ ನನ್ನನ್ನು ಹಿಡಿದು ಕೂರಿಸಿದ್ದು ಸಂಗ್ರಹದ ಮೊದಲ ಪ್ರಸಾರವೇ. 1968ರ ಏಪ್ರಿಲ್ 14 ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ ಅವರ 45ನೇ ಹುಟ್ಟುಹಬ್ಬ. ಆ ದಿನ ಮೊದಲ ಹೋಲ್ ಅನ್ನು ಎರಡೇ ಹೊಡೆತಗಳಲ್ಲಿ ಮುಗಿಸಿದ ಅವರು, 17ನೇ ಹೋಲ್ ಅನ್ನು ಮೂರು ಹೊಡೆತಗಳಲ್ಲಿ ಮುಗಿಸಿದ್ದನ್ನು ಟಿವಿ ಮುಂದೆ ಕುಳಿತವರೆಲ್ಲ ಕಂಡರು. ಆದರೆ ಗಾಲ್ಫ್‌ನಲ್ಲಿ ಒಬ್ಬರ ಲೆಕ್ಕವನ್ನು ಜೊತೆಯಲ್ಲಿ ಆಡುವ ಮತ್ತೊಬ್ಬರು ಬರೆಯುತ್ತಾರೆ. ಲೆಕ್ಕ ಬರೆಯುತ್ತಿದ್ದ ಟಾಮಿ ಆರನ್ ಆ ಹೋಲ್‌ಗೆ ಮೂರರ ಬದಲು ನಾಲ್ಕು ಎಂದು ಬರೆದರು. 18ನೇ ಹೋಲ್‌ನಲ್ಲಿ ಒಂದು ಹೊಡೆತ ಕಳೆದುಕೊಂಡ ಬೇಸರದಲ್ಲಿದ್ದ ಡಿ ವಿಸೆಂಜೊ ಕಾರ್ಡನ್ನು ಸರಿಯಾಗಿ ನೋಡದೆ ಸಹಿ ಹಾಕಿಬಿಟ್ಟರು. ಸಹಿಯಾದ ಕಾರ್ಡಿನಲ್ಲಿ ಹೆಚ್ಚಿನ ಅಂಕಿ ಇದ್ದರೆ ಅದೇ ಖಾಯಂ ಎಂಬುದು ನಿಯಮ. ಹಾಗಾಗಿ ಆ ದಿನದ 65 ಹೊಡೆತ 66 ಆಯಿತು, ನಾಲ್ಕು ಸುತ್ತುಗಳ ಒಟ್ಟು 277 ಹೋಗಿ 278 ಆಯಿತು, 277ರಲ್ಲೇ ಮುಗಿಸಿದ್ದ ಬಾಬ್ ಗೋಲ್ಬಿ ಜೊತೆ ಮರುದಿನ ಹೆಚ್ಚುವರಿ ಆಟ ಆಡಬೇಕಾಗಿದ್ದವರು ಸೋತವರಾದರು. ಸಹಿ ಹಾಕಿದ ತಿಂಗಳ ತಖ್ತೆಯಲ್ಲಿ ತಪ್ಪು ಕಂಡು ರಾತ್ರಿಯೆಲ್ಲ ನಿದ್ದೆಗೆಟ್ಟ ದಿನಗಳು ನನಗೂ ಇದ್ದವು. ಹದಿನೇಳರಲ್ಲಿ ಆ ಚೆಂಡು ಗುಳಿಗೆ ಬೀಳುವ ಗಳಿಗೆಯನ್ನು ನಾನು ಮೂರು ಬಾರಿ ಹಿಂದಕ್ಕೆ ಓಡಿಸಿ ನೋಡಿದೆ.

ಇನ್ನೊಂದು ಜೋಡಿ ಪ್ರಸಾರಗಳ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಪ್ರಸಾರವನ್ನು ಇಟ್ಟಿರುವುದರ ಬೆಲೆ ಏನೆಂದು ನನಗೆ ತಿಳಿದದ್ದು ಅಲ್ಲಿ. 1975ರ ಭಾನುವಾರ ಜಾಕ್ ನಿಕ್ಲಾಸ್ 16ನೇ ಹೋಲ್‌ನಲ್ಲಿ ಸುಮಾರು ನಲವತ್ತು ಅಡಿ ದೂರದಿಂದ ಚೆಂಡನ್ನು ಗುಳಿಗೆ ತಳ್ಳುತ್ತಾರೆ. ಅವರು ಕೋಲನ್ನು ಮೇಲೆತ್ತಿ ಓಡುವಾಗ, ಬಿಳಿ ಉಡುಪಿನ ಅವರ ಕ್ಯಾಡಿ (ಆಟದ ಕೋಲುಗಳ ಚೀಲ ಹೊರುವ ಸಹಾಯಕ) ವಿಲ್ಲಿ ಪೀಟರ್ಸನ್ ಗಾಳಿಯಲ್ಲಿ ಹಾರಿ ಕುಣಿಯುತ್ತಾರೆ. ಪೀಟರ್ಸನ್ ಆ ಕ್ಲಬ್ಬಿನ ಕ್ಯಾಡಿ, ಕಪ್ಪು ಜನಾಂಗದವರು. ನಿಕ್ಲಾಸ್ ಅಲ್ಲಿ ಗೆದ್ದ ಆರು ಬಾರಿಗಳಲ್ಲಿ ಮೊದಲ ಐದು ಬಾರಿಯೂ ಅವರ ಚೀಲ ಹೊತ್ತು ನಡೆದವರು. ಬಳಿಕ 1986ರ ಪ್ರಸಾರ ಹಾಕಿದೆವು. 46 ವರ್ಷದ ನಿಕ್ಲಾಸ್ ನಾಲ್ಕು ಹೊಡೆತ ಹಿಂದಿದ್ದು, ಕೊನೆಯ ಒಂಬತ್ತು ಹೋಲ್‌ಗಳನ್ನು 30 ಹೊಡೆತಗಳಲ್ಲಿ ಮುಗಿಸಿ, ಒಂದೇ ಒಂದು ಹೊಡೆತದ ಅಂತರದಲ್ಲಿ ಗೆಲ್ಲುವ ದಿನ ಅದು. ಹದಿನೇಳರಲ್ಲಿ ಚೆಂಡು ಉರುಳುವಾಗ ವೀಕ್ಷಕ ವಿವರಣೆ ಕೊಡುತ್ತಿದ್ದ ವರ್ನ್ ಲುಂಡ್‌ಕ್ವಿಸ್ಟ್ ‘ಯೆಸ್ ಸರ್’ ಎಂದು ಕೂಗುವುದನ್ನು ಕೇಳಿ ಅಳಿಯ ಮಂಡಕ್ಕಿ ತಟ್ಟೆ ಬಿಟ್ಟು ಎದ್ದುನಿಂತ. ನನ್ನ ಗಮನ ಮಾತ್ರ ಚೀಲ ಹೊತ್ತವರ ಮೇಲಿತ್ತು. ಅದೇ ಬಿಳಿ ಉಡುಪು, ಆದರೆ ಒಳಗಿದ್ದವರು ನಿಕ್ಲಾಸ್ ಅವರ ಮಗ. ಪೀಟರ್ಸನ್ ಎಲ್ಲಿ ಹೋದರು ಎಂದು ಕೇಳಿದೆ. 1982ರವರೆಗೆ ಆಟಗಾರರು ಕ್ಲಬ್ಬಿನ ಕ್ಯಾಡಿಗಳನ್ನೇ ಕರೆದುಕೊಳ್ಳಬೇಕಿತ್ತು, 1983ರಿಂದ ತಮ್ಮವರನ್ನು ತರಲು ಅನುಮತಿ ಸಿಕ್ಕಿತು ಎಂದು ಅಳಿಯ ವಿವರಿಸಿದ. ದಶಕಗಳ ಕಾಲ ಆ ಇಳಿಜಾರುಗಳ ಪ್ರತಿ ಅಂಗುಲವನ್ನೂ ಬಲ್ಲವರಾಗಿದ್ದ ಒಂದು ಸಮುದಾಯದ ಕೆಲಸ ಹಾಗೆ ಮೆಲ್ಲನೆ ಕೈಬಿಟ್ಟು ಹೋಯಿತು. ಹದಿನೆಂಟನೇ ಹೋಲ್‌ನಲ್ಲಿ ತಂದೆ ಮಗ ತಬ್ಬಿಕೊಳ್ಳುವ ದೃಶ್ಯ ನನ್ನ ಕಣ್ಣನ್ನೂ ತೇವ ಮಾಡಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹತ್ತು ನಿಮಿಷದ ಮುಖ್ಯಾಂಶ ಮಾತ್ರ ನೋಡಿದ್ದರೆ, ಎರಡು ಭಾನುವಾರಗಳ ನಡುವೆ ಆದ ಈ ಬದಲಾವಣೆ ನನ್ನ ಗಮನಕ್ಕೆ ಬರುತ್ತಲೇ ಇರಲಿಲ್ಲ. ಆಟಗಾರರು ನಡೆದು ಹೋಗುವಾಗ, ಕಾಯುವಾಗ, ಯಾರೂ ಏನೂ ಹೊಡೆಯದೆ ಇರುವಾಗ ಕ್ಯಾಮೆರಾಕ್ಕೆ ಬೀಳುವ ಮುಖಗಳಲ್ಲಿ ಈ ಕ್ಲಬ್ಬಿನ ಚರಿತ್ರೆ ಇದೆ.

ಇದೇ ಕಾರಣಕ್ಕೆ ಸಂಗ್ರಹದ ದೊಡ್ಡ ಕೊರತೆಯೂ ಎದ್ದು ಕಾಣುತ್ತದೆ: ಇಲ್ಲಿರುವುದು ಕೊನೆಯ ದಿನ ಮಾತ್ರ. ಮಾಸ್ಟರ್ಸ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಲೀ ಎಲ್ಡರ್ ಮೈದಾನಕ್ಕಿಳಿದದ್ದು 1975ರ ಏಪ್ರಿಲ್ 10ರ ಗುರುವಾರ. ಎರಡು ಸುತ್ತುಗಳ ಬಳಿಕ ಅವರು ಹೊರಬಿದ್ದರು. ಹೀಗಾಗಿ ಆ ವರ್ಷದ ಭಾನುವಾರದ ಪ್ರಸಾರವನ್ನು ಎಷ್ಟು ಸಲ ನೋಡಿದರೂ ಅವರ ಆಟ ಕಾಣುವುದಿಲ್ಲ. ಕ್ಲಬ್ಬಿನ ಪಾಲಿಗೆ ಆ ವರ್ಷದ ಅತಿ ದೊಡ್ಡ ಸಂಗತಿ ಗುರುವಾರವೇ ಆಗಿಹೋಗಿತ್ತು. ಕ್ಲಬ್ ಮೊದಲ ಕಪ್ಪು ಸದಸ್ಯರನ್ನು ಸೇರಿಸಿಕೊಂಡದ್ದು 1990ರಲ್ಲಿ, ಮಹಿಳೆಯರನ್ನು 2012ರಲ್ಲಿ. ಇವು ಯಾವುವೂ ಭಾನುವಾರದ ಆಟದಲ್ಲಿ ಸಿಗುವ ವಿಷಯಗಳಲ್ಲ. 1997ರಲ್ಲಿ 21 ವರ್ಷದ ಟೈಗರ್ ವುಡ್ಸ್ 270 ಹೊಡೆತಗಳಲ್ಲಿ, 12 ಹೊಡೆತಗಳ ಅಂತರದಿಂದ ಗೆದ್ದ ಭಾನುವಾರ ಎಲ್ಡರ್ ಸ್ವತಃ ಅಲ್ಲಿಗೆ ಬಂದಿದ್ದರು ಎಂಬುದನ್ನು ತಿಳಿದು ನೋಡಿದರೆ ಆ ಪ್ರಸಾರದ ತೂಕವೇ ಬೇರೆ. 2021ರಲ್ಲಿ ಕ್ಲಬ್ ಎಲ್ಡರ್ ಅವರನ್ನು ಗೌರವ ಆರಂಭಿಕರನ್ನಾಗಿ, ಅಂದರೆ ಪಂದ್ಯಾವಳಿಗೆ ಚಾಲನೆ ಕೊಡುವ ಹಿರಿಯರಲ್ಲಿ ಒಬ್ಬರನ್ನಾಗಿ, ಕರೆದು ಕೂರಿಸಿತು. ಅದೂ ಗುರುವಾರ. ಮೊದಲ ದಿನದ ಬೆಳಗನ್ನು, ಪ್ರತಿ ವರ್ಷದ್ದಲ್ಲದಿದ್ದರೂ ಈ ಎರಡು ವರ್ಷಗಳದ್ದನ್ನಾದರೂ, ಇದೇ ಸಾಲಿನಲ್ಲಿ ಸೇರಿಸಬೇಕೆಂಬುದು ನನ್ನ ಮುಖ್ಯ ಬೇಡಿಕೆ.

ವೀಕ್ಷಕ ವಿವರಣೆಯ ಬಗ್ಗೆಯೂ ಒಂದು ಮಾತು. ಅಲ್ಲಿ ಪ್ರೇಕ್ಷಕರನ್ನು ಪ್ರೇಕ್ಷಕರು ಎನ್ನುವಂತಿಲ್ಲ, ‘ಪೇಟ್ರನ್ಸ್’ (ಪೋಷಕರು) ಎನ್ನಬೇಕು. 1966ರಲ್ಲಿ ಜಾಕ್ ವಿಟೇಕರ್ ಎಂಬ ವಿವರಣೆಗಾರರು ಗುಂಪನ್ನು ‘ಮಾಬ್’ (ದೊಂಬಿ) ಎಂದು ಕರೆದುದಕ್ಕೆ ಹಲವು ವರ್ಷ ಅಲ್ಲಿನ ಪ್ರಸಾರದಿಂದ ದೂರ ಉಳಿಯಬೇಕಾಯಿತು. ಅಷ್ಟು ಬಿಗಿ ಹಿಡಿತದ ಕ್ಲಬ್ ತನ್ನ ಪ್ರಸಾರಗಳನ್ನು ಇಷ್ಟು ಧಾರಾಳವಾಗಿ ಲೋಕಕ್ಕೆ ತೆರೆದಿಟ್ಟಿರುವುದನ್ನು ಮೆಚ್ಚಲೇಬೇಕು. ಹಿಡಿತದ ಗುರುತು ಬೇರೆ ಕಡೆಯೂ ಇದೆ. ಮುಂಚೂಣಿ ಆಟಗಾರರ ಹದಿನೆಂಟೂ ಹೋಲ್‌ಗಳನ್ನು ತೋರಿಸಲು ಅನುಮತಿ ಸಿಕ್ಕದ್ದು 2002ರಲ್ಲಿ. ಅದಕ್ಕಿಂತ ಹಳೆಯ ಪ್ರಸಾರಗಳಲ್ಲಿ ಮೊದಲ ಒಂಬತ್ತು ಹೋಲ್‌ಗಳು ಬಹುಪಾಲು ಇಲ್ಲ. 1996ರಲ್ಲಿ ಆರು ಹೊಡೆತ ಮುಂದಿದ್ದ ಗ್ರೆಗ್ ನಾರ್ಮನ್ ಐದು ಹೊಡೆತಗಳಿಂದ ನಿಕ್ ಫಾಲ್ಡೊಗೆ ಸೋಲುವುದನ್ನು ನೋಡುವಾಗ ಆ ಕುಸಿತದ ಆರಂಭ ನಮಗೆ ಪೂರ್ತಿಯಾಗಿ ಸಿಗಲಿಲ್ಲ.

ಬಳಕೆಯ ತೊಂದರೆಗಳು ಹೆಚ್ಚಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿದೆ. ಯಂತ್ರ ಹಾಕುವ ಅಡಿಬರಹಗಳು ಹಳೆಯ ಧ್ವನಿಯನ್ನು ಹಿಡಿಯಲಾರದೆ ಆಟಗಾರರ ಹೆಸರುಗಳನ್ನು ಕೆಡಿಸುತ್ತವೆ, ನನ್ನಂಥವರಿಗೆ ಪಕ್ಕದಲ್ಲಿ ಬಲ್ಲವರೊಬ್ಬರು ಬೇಕು. ಎಪ್ಪತ್ತರ ದಶಕದ ಚಿತ್ರ ದೊಡ್ಡ ಟಿವಿಯಲ್ಲಿ ಮಸುಕು, ಫೋನಿನಲ್ಲಿ ಚೆನ್ನ. ಈಚಿನವು ನಾಲ್ಕೈದು ಗಂಟೆ ಉದ್ದ ಇರುವುದರಿಂದ ಮೊಬೈಲ್ ಡೇಟಾ ನಂಬಿ ಕೂರಬಾರದು. ನಮ್ಮ ಬೀದಿಯ ಇಂಟರ್ನೆಟ್ ಸಂಪರ್ಕದವರ ಕೇಬಲ್ ತುಂಡಾಗಿ, 1986ರ ಪ್ರಸಾರ 15ನೇ ಹೋಲ್‌ನಲ್ಲಿ ನಿಂತು, ಉಳಿದದ್ದಕ್ಕೆ ಎರಡು ದಿನ ಕಾಯಬೇಕಾಯಿತು. ಅದು ಸಂಗ್ರಹದ ತಪ್ಪಲ್ಲವಾದರೂ ಆ ಎರಡು ದಿನ ಕಳೆಯುವುದು ಕಷ್ಟವಾಯಿತು. ಪಂದ್ಯಾವಳಿಯ ಜಾಲತಾಣ ಮತ್ತು ಆ್ಯಪ್‌ನಲ್ಲಿ 2019ರಿಂದ ಪ್ರತಿ ಆಟಗಾರನ ಪ್ರತಿ ಹೊಡೆತವೂ ಪ್ರತ್ಯೇಕವಾಗಿ ಸಿಗುತ್ತದೆ. ಅಳಿಯನಿಗೆ ಅದು ನಿಧಿ. ನನಗೆ ಪೂರ್ತಿ ಪ್ರಸಾರವೇ ಇಷ್ಟ.

ಭಾರತೀಯರ ಆಟ ಹುಡುಕುವವರಿಗೆ ಇಲ್ಲಿ ದಕ್ಕುವುದು ಅಲ್ಪ. 2007ರಲ್ಲಿ ಜೀವ್ ಮಿಲ್ಖಾ ಸಿಂಗ್ ಮಾಸ್ಟರ್ಸ್ ಆಡಿದ ಮೊದಲ ಭಾರತೀಯರಾದರು, 37ನೇ ಸ್ಥಾನ ಹಂಚಿಕೊಂಡರು. ಭಾನುವಾರದ ಕ್ಯಾಮೆರಾಗಳು ಮಾತ್ರ ಮುಂಚೂಣಿಯವರ ಹಿಂದೆ ಓಡುತ್ತಿರುತ್ತವೆ. ಇದನ್ನು ನೋಡುತ್ತ ನಮ್ಮ ಇಂಡಿಯನ್ ಓಪನ್ ಬಗ್ಗೆ ಅಳಿಯನೂ ನಾನೂ ಬಹಳ ಮಾತನಾಡಿಕೊಂಡೆವು. 1964ರಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಮೊದಲ ಬಾರಿ ಗೆದ್ದ ಪಂದ್ಯಾವಳಿ ಅದು. ಮರುವರ್ಷ ಹವ್ಯಾಸಿ ಆಟಗಾರ ಬಿಲ್ಲೂ ಸೇಠಿ ಗೆದ್ದರು, 1991ರಲ್ಲಿ ಅಲಿ ಶೇರ್ ಅದನ್ನು ಗೆದ್ದ ಮೊದಲ ಭಾರತೀಯ ವೃತ್ತಿಪರರಾದರು. 2009ರಲ್ಲಿ ಗೆದ್ದವರು, ಒಂದು ಕಾಲಕ್ಕೆ ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ. ನಮ್ಮವರೇ ಒಬ್ಬರು ಚೀಲ ಹೊರುವ ಕೆಲಸದಿಂದ ಟ್ರೋಫಿ ಎತ್ತುವವರೆಗೆ ಬೆಳೆದ ಆ ಭಾನುವಾರವನ್ನು ಪೂರ್ತಿ ನೋಡಬೇಕೆಂದು ಒಂದು ಸಂಜೆಯೆಲ್ಲ ಹುಡುಕಿದೆವು. ನಮ್ಮ ಕೈಗೆ ಸಿಕ್ಕದ್ದು ತುಣುಕುಗಳು ಮಾತ್ರ. ಅಗಸ್ಟಾದವರು ಮಾಡಿದ್ದನ್ನು ನಮ್ಮ ಕ್ಲಬ್ಬುಗಳೂ ಸಂಘಟಕರೂ ಮಾಡಬೇಕು, ಟೇಪುಗಳು ಹಾಳಾಗುವ ಮುನ್ನವೇ ಮಾಡಬೇಕು.

ಹೊಸಬರು ಎಲ್ಲಿಂದ ಶುರುಮಾಡಬೇಕೆಂದು ಕೇಳಿದರೆ, 1986 ಎನ್ನುತ್ತೇನೆ. ನಿಯಮ ಗೊತ್ತಿಲ್ಲದವರಿಗೂ ಆ ದಿನದ ಆಟ ಅರ್ಥವಾಗುತ್ತದೆ. ಅದಾದ ಮೇಲೆ 1975, ಆಮೇಲೆ 1968. ವುಡ್ಸ್ 43ನೇ ವಯಸ್ಸಿನಲ್ಲಿ ಐದನೇ ಬಾರಿ ಗೆದ್ದ 2019ರದ್ದನ್ನು 1997ರದ್ದು ನೋಡಿದ ಬಳಿಕವೇ ಹಾಕಿಕೊಳ್ಳಿ. ನಾವಿನ್ನೂ ನೋಡದೆ ಉಳಿಸಿಕೊಂಡಿರುವುದು 2021ರದ್ದು, ಜಪಾನಿನ ಹಿಡೆಕಿ ಮತ್ಸುಯಾಮ ಗೆದ್ದ ವರ್ಷ. ಆಟ ಮುಗಿದ ಮೇಲೆ ಅವರ ಕ್ಯಾಡಿ ಷೋಟ ಹಯಾಫುಜಿ ಬಾವುಟದ ಕೋಲನ್ನು ಗುಳಿಯಲ್ಲಿ ಮತ್ತೆ ನೆಟ್ಟು, ಟೋಪಿ ತೆಗೆದು, ಮೈದಾನಕ್ಕೆ ತಲೆಬಾಗಿ ನಮಸ್ಕರಿಸಿದ ಚಿತ್ರವನ್ನು ಅಳಿಯ ಫೋನಿನಲ್ಲಿ ತೋರಿಸಿದ್ದಾನೆ. ಅವನು ಬೆಂಗಳೂರಿನಿಂದ ದಸರಾ ರಜೆಗೆ ಬಂದಾಗ ಅದನ್ನು ಹಾಕುವುದೆಂದು ಮಾತಾಗಿದೆ.