ಹಕ್ಕಿ ಚಿತ್ರಗಳಿಗೆ ಡಾರ್ಕ್‌ಟೇಬಲ್, ಜೊತೆಗೆ ಡಿಜಿಕ್ಯಾಮ್

ಹಕ್ಕಿಗಳ ಬೆನ್ನು ಹತ್ತಿದವರಿಗೆ ಕ್ಯಾಮೆರಾ ಕೆಳಗಿಟ್ಟ ಮೇಲೆಯೇ ನಿಜವಾದ ಕೆಲಸ ಶುರು. ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಏಳುವಷ್ಟರಲ್ಲಿ ಹತ್ತಾರು ರಾ ಫೈಲುಗಳು (ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸಿದ ಚಿತ್ರಗಳು) ಕಾರ್ಡಿನಲ್ಲಿ ತುಂಬಿರುತ್ತವೆ. ಅವುಗಳಲ್ಲಿ ಕಣ್ಣು ಚೂಪಾಗಿ ಮೂಡಿರುವುದನ್ನು ಹೆಕ್ಕಬೇಕು, ಬೆಳಕು ತಿದ್ದಬೇಕು, ಮತ್ತೆ ಹುಡುಕಿದರೆ ಸಿಗುವಂತೆ ಜೋಡಿಸಿಡಬೇಕು. ಇಷ್ಟಕ್ಕೂ ನನಗೆ ಸಾಕಾಗಿರುವುದು ಚಿತ್ರಗಳನ್ನು ಜೋಡಿಸಿಡುವ ಡಿಜಿಕ್ಯಾಮ್ ಮತ್ತು ಅವುಗಳ ಬಣ್ಣ, ಬೆಳಕು ಹೊಂದಿಸುವ ಡಾರ್ಕ್‌ಟೇಬಲ್. ಎರಡೂ ಮುಕ್ತ ತಂತ್ರಾಂಶಗಳು. ತಿಂಗಳ ಚಂದಾ ಇಲ್ಲ.

ಡಿಜಿಕ್ಯಾಮ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆಯ್ಕೆ ಮಾಡುವುದಕ್ಕೂ ಟ್ಯಾಗ್ ಹಚ್ಚುವುದಕ್ಕೂ ಅದು ಬಲು ಅನುಕೂಲ. ಕುಟುಂಬ, ಜಾತಿ, ಹಕ್ಕಿಯ ಹೆಸರು ಎಂದು ಟ್ಯಾಗ್‌ನೊಳಗೆ ಟ್ಯಾಗ್ ಜೋಡಿಸಬಹುದು. ಎಷ್ಟೋ ಹಿಂದಿನ ಚಿತ್ರವೂ ಕ್ಷಣದಲ್ಲಿ ಎದುರಿಗೆ ಬರುತ್ತದೆ.

ನನ್ನ ಮನಸ್ಸು ಗೆದ್ದಿರುವುದು ಡಾರ್ಕ್‌ಟೇಬಲ್. ಕಪ್ಪು ನೀರಿನ ಮೇಲೆ ಬಿಸಿಲಿಗೆ ನಿಂತ ಬೆಳ್ಳಕ್ಕಿಯ ಚಿತ್ರವನ್ನು ತೆಗೆದುಕೊಳ್ಳಿ. ನೀರಿನ ಅಲೆ ಕಾಣಲೆಂದು ಬೆಳಕು ಹೆಚ್ಚಿಸಿದರೆ ಗರಿಗಳು ಸುಣ್ಣ ಬಳಿದಂತಾಗುತ್ತವೆ. 2019ರಲ್ಲಿ ಬಂದ 3.0 ಆವೃತ್ತಿಯ ಫಿಲ್ಮಿಕ್ ಆರ್‌ಜಿಬಿ ಎಂಬ ಮಾಡ್ಯೂಲ್ (ಚಿತ್ರ ತಿದ್ದುವ ಒಂದು ಉಪಕರಣ) ಇದನ್ನು ನಿಭಾಯಿಸುತ್ತಿತ್ತು, ಆದರೆ ಅದರ ಸ್ಲೈಡರುಗಳು ತಾಳ್ಮೆ ಪರೀಕ್ಷಿಸುತ್ತಿದ್ದವು. 2022ರ 4.2 ಆವೃತ್ತಿಯಲ್ಲಿ ಬಂದ ಸಿಗ್ಮಾಯ್ಡ್ ಎಂಬ ಮಾಡ್ಯೂಲ್ ಆ ತೊಡಕನ್ನು ನೀಗಿಸಿತು. ಎಕ್ಸ್‌ಪೋಶರ್ ಸರಿಪಡಿಸಿ, ಸಿಗ್ಮಾಯ್ಡ್‌ನ ಕಾಂಟ್ರಾಸ್ಟ್ ತುಸು ಹೊಂದಿಸಿದರೆ, ಕ್ಯಾಮೆರಾದಲ್ಲಿ ದಾಖಲಾಗಿರುವ ಗರಿಯ ಎಳೆಗಳೆಲ್ಲ ಮೃದುವಾಗಿ ಉಳಿಯುತ್ತವೆ. ಆಮೇಲೆ ಮಾಸ್ಕ್: ಹಕ್ಕಿಯ ಸುತ್ತ ಗೆರೆ ಎಳೆದು, ಅದರೊಳಗೆ ಪ್ರಕಾಶಮಾನವಾದ ಭಾಗ ಮಾತ್ರ ಎಂದು ಷರತ್ತು ಹಾಕಿದರೆ ನೀರನ್ನು ಮುಟ್ಟದೆ ಗರಿಗಳನ್ನಷ್ಟೇ ತಿದ್ದಬಹುದು. ಈ ಸೌಲಭ್ಯ ಹೆಚ್ಚಿನ ಮಾಡ್ಯೂಲ್‌ಗಳಲ್ಲಿ ಇದೆ. ಇದೊಂದಕ್ಕೇ ಡಾರ್ಕ್‌ಟೇಬಲ್ ಕಲಿಯಬಹುದು ಎನ್ನುತ್ತೇನೆ.

ಮುಂಜಾವಿನ ಮಬ್ಬಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿ ತೆಗೆದ ಚಿತ್ರಗಳ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆಗಳನ್ನು, ತೆಗೆಯುವ ಮಾಡ್ಯೂಲ್ ಕೂಡ ಸೊಗಸಾಗಿದೆ. ಆಯಾ ಕ್ಯಾಮೆರಾವನ್ನು ಅಳೆದು ತಯಾರಿಸಿದ ಪ್ರೊಫೈಲನ್ನು ಅದು ನೆಚ್ಚಿಕೊಂಡಿದೆ. ಆದ್ದರಿಂದ ಹೊಚ್ಚ ಹೊಸ ಕ್ಯಾಮೆರಾ ಕೊಳ್ಳುವವರು ಮೊದಲು ಡಾರ್ಕ್‌ಟೇಬಲ್‌ನ ಕ್ಯಾಮೆರಾ ಪಟ್ಟಿ ನೋಡಿಕೊಳ್ಳಿ. ಕೆಲವೊಮ್ಮೆ ರಾ ಫೈಲ್ ತೆರೆಯುವುದಕ್ಕೂ ಮುಂದಿನ ಆವೃತ್ತಿಗೆ ಕಾಯಬೇಕಾಗುತ್ತದೆ.

ಕೊರತೆಗಳೂ ಇವೆ. ಒಂದೇ ಕೆಲಸಕ್ಕೆ ಮೂರು ನಾಲ್ಕು ಮಾಡ್ಯೂಲ್‌ಗಳಿರುವುದು ಹೊಸಬರಿಗೆ ಅನ್ಯಾಯವೇ ಸರಿ. ಬೇಕಾದವನ್ನು ಮಾತ್ರ ಆರಿಸಿ ಸ್ವಂತ ಗುಂಪು ಮಾಡಿಕೊಂಡರೆ ಪರದೆ ಹಗುರವಾಗುತ್ತದೆ, ಆದರೆ ಆರಿಸುವುದಕ್ಕೆ ಮೊದಲು ಕಲಿತಿರಬೇಕಲ್ಲ! ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರವನ್ನು ಚೂಪಾಗಿಸುವ 'ಡಿಫ್ಯೂಸ್ ಆರ್ ಶಾರ್ಪನ್' ಮಾಡ್ಯೂಲ್ ಹಾಕಿದರೆ ಚಿತ್ರ ಮೂಡುವವರೆಗೆ ಕಾಯುತ್ತ ಕೂರಬೇಕು.

ಮೂಲ ರಾ ಫೈಲನ್ನು ಡಾರ್ಕ್‌ಟೇಬಲ್ ತಿದ್ದುವುದೇ ಇಲ್ಲ. ಮಾಡಿದ ಬದಲಾವಣೆಗಳೆಲ್ಲ ಪಕ್ಕದಲ್ಲಿ, ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲಿ ಕೂರುತ್ತವೆ. ಅದರೊಳಗಿನ ನಕ್ಷತ್ರಗಳನ್ನೂ (ಚಿತ್ರಕ್ಕೆ ಕೊಟ್ಟ ರೇಟಿಂಗ್) ಟ್ಯಾಗ್‌ಗಳನ್ನೂ ಡಿಜಿಕ್ಯಾಮ್ ಓದಬಲ್ಲದು. ಅದಕ್ಕಾಗಿ ಡಿಜಿಕ್ಯಾಮ್‌ನಲ್ಲಿ ಸೈಡ್‌ಕಾರ್ (ಇಂಥ ಪಕ್ಕದ ಫೈಲು) ಓದುವ ಆಯ್ಕೆಯನ್ನು ಒಮ್ಮೆ ಆನ್ ಮಾಡಿಟ್ಟಿರಬೇಕು. ಬಣ್ಣ ಮತ್ತು ಬೆಳಕಿನ ತಿದ್ದುಪಡಿಗಳು ಮಾತ್ರ ಬೇರೆ ತಂತ್ರಾಂಶಕ್ಕೆ ದಾಟುವುದಿಲ್ಲ. ಬ್ಯಾಕಪ್ ಮಾಡುವಾಗ ರಾ ಫೈಲುಗಳ ಜೊತೆಗೆ ಈ ಎಕ್ಸ್‌ಎಂಪಿಗಳನ್ನೂ ಮರೆಯದೆ ನಕಲಿಸಿ.